ಅಂಗನವಾಡಿ ಕಾರ್ಯಕರ್ತೆ: ಒಂದು ವೃತ್ತಿಯ ಐವತ್ತು ವರ್ಷ

ಗರ್ಭಿಣಿ, ಬಾಣಂತಿ ಮತ್ತು ಆರು ವರ್ಷದೊಳಗಿನ ಮಕ್ಕಳಿರುವ ಬಡ ಕುಟುಂಬಗಳನ್ನು ಅವರ ಊರಲ್ಲೇ ಇದ್ದು ನೋಡಿಕೊಳ್ಳುವುದು ಅಂಗನವಾಡಿ ಕಾರ್ಯಕರ್ತೆಯ ಕೆಲಸ. ಮಕ್ಕಳಿಗೆ ಊಟ ಹಾಕುವುದು, ತೂಕ ನೋಡುವುದು, ಹಾಡು ಕಥೆಗಳಲ್ಲಿ ಅಕ್ಷರದ ಹಾದಿಗೆ ತರುವುದು, ಲಸಿಕೆಯ ದಿನ ತಾಯಂದಿರನ್ನು ಕರೆತರುವುದು, ಮನೆಮನೆಗೆ ಹೋಗಿ ಬುದ್ಧಿಮಾತು ಹೇಳುವುದು ಎಲ್ಲವೂ ಇದರೊಳಗೆ ಸೇರಿವೆ. ಈ ವೃತ್ತಿ ಹುಟ್ಟಿದ್ದು 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಜೊತೆಗೆ. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, 100 ಅಂಗನವಾಡಿಗಳೊಂದಿಗೆ. ಇಂದು ರಾಜ್ಯದಲ್ಲಿ 65,000ಕ್ಕೂ ಹೆಚ್ಚು, ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ. ಇಷ್ಟು ದೊಡ್ಡದಾಗಿ ಬೆಳೆದ ಮೇಲೂ ಈ ಕೆಲಸ ಸರ್ಕಾರದ ಕಡತದಲ್ಲಿ ಇಂದಿಗೂ ಗೌರವಸೇವೆಯೇ ಆಗಿದೆ. ಕೆಲಸ ಬೆಳೆದರೂ ಸ್ಥಾನ ಬೆಳೆಯದೆ ಉಳಿದದ್ದೇ ಈ ವೃತ್ತಿಯ ಚರಿತ್ರೆಯ ಮುಖ್ಯ ಎಳೆ.

ಅಂಗನವಾಡಿಗೆ ಮುಂಚೆ

ಹಳ್ಳಿಯ ಬಸುರಿ ಬಾಣಂತಿಯರಿಗೆ ಒಂದು ಕಾಲದಲ್ಲಿ ಆಸರೆಯಾಗಿದ್ದವರು ಮನೆಯ ಹಿರಿಯ ಹೆಂಗಸರು ಮತ್ತು ಸೂಲಗಿತ್ತಿಯರು. ಹೆರಿಗೆ ಮಾಡಿಸುವುದು, ಮಗುವಿಗೆ ಎಣ್ಣೆ ನೀರು ಹಾಕುವುದು, ಬಾಣಂತಿಗೆ ಪಥ್ಯ ಹೇಳುವುದು ಸೂಲಗಿತ್ತಿಯ ಕೆಲಸವಾಗಿತ್ತು. ಪ್ರತಿಯಾಗಿ ಸಿಗುತ್ತಿದ್ದುದು ಕಾಳುಕಡಿ, ಸೀರೆ, ಊಟ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಈ ಪರಂಪರೆಗೆ ಸಂದ ಗೌರವ. ಆದರೆ ಹೆರಿಗೆಯ ನಂತರದ ವರ್ಷಗಳಲ್ಲಿ ಮಗು ಏನು ತಿನ್ನುತ್ತದೆ, ಎಷ್ಟು ಬೆಳೆಯುತ್ತದೆ ಎಂದು ಲೆಕ್ಕ ಇಡುವವರು ಯಾರೂ ಇರಲಿಲ್ಲ. ತಾಯಿ ಕೂಲಿಗೆ ಹೋದರೆ ಮಗುವನ್ನು ನೋಡಿಕೊಳ್ಳುತ್ತಿದ್ದುದು ಅಕ್ಕನಾದ ಏಳೆಂಟು ವರ್ಷದ ಹುಡುಗಿ. ಅವಳ ಶಾಲೆಯೂ ಅಲ್ಲಿಗೆ ನಿಲ್ಲುತ್ತಿತ್ತು.

ಪಟ್ಟಣಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದ ಬೇರೆ ಪ್ರಯತ್ನಗಳು ನಡೆದವು. ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದರು. ಮಾಂಟೆಸ್ಸರಿ ಪದ್ಧತಿಯನ್ನು ನಮ್ಮ ಮಕ್ಕಳ ಭಾಷೆಗೂ ಮನೆಯ ಹದಕ್ಕೂ ಒಗ್ಗಿಸಿದ್ದು ಅವರ ಸಾಧನೆ. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘದ ಸ್ಥಾಪನೆಯಲ್ಲಿ ಪಾಲ್ಗೊಂಡರು. ಕರ್ನಾಟಕದ ಊರುಗಳಲ್ಲಿ ಮಹಿಳಾ ಸಮಾಜಗಳು ಶಿಶುವಿಹಾರಗಳನ್ನು ನಡೆಸಿದವು. ಆದರೆ ಶಿಶುವಿಹಾರಕ್ಕೆ ಬರುತ್ತಿದ್ದವರು ಹೆಚ್ಚಾಗಿ ನೌಕರಿ, ವ್ಯಾಪಾರ ಇದ್ದ ಮನೆಗಳ ಮಕ್ಕಳು. ಕೂಲಿಕಾರರ ಕೇರಿಗೆ ಅದು ಎಟುಕಲಿಲ್ಲ.

ಎಟುಕಿಸುವ ಮೊದಲ ಗಟ್ಟಿ ಪ್ರಯತ್ನ ನಡೆದದ್ದು ಮಹಾರಾಷ್ಟ್ರದ ಕರಾವಳಿಯಲ್ಲಿ. 1945ರಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಬೋರ್ಡಿ ಎಂಬ ಹಳ್ಳಿಯಲ್ಲಿ ಗ್ರಾಮ ಬಾಲಶಿಕ್ಷಣ ಕೇಂದ್ರ ತೆರೆದರು. ಮುಂದೆ ಕೆಲಸ ಕೋಸಬಾಡ್ ಗುಡ್ಡದ ವಾರಲಿ ಆದಿವಾಸಿಗಳ ನಡುವೆ ಬೆಳೆಯಿತು. ಕೇಂದ್ರ ಕಟ್ಟಿ ಕುಳಿತರೆ ಮಕ್ಕಳು ತಾವಾಗಿ ಬರುವುದಿಲ್ಲ ಎಂಬುದು ಅವರಿಗೆ ಬೇಗ ಮನವರಿಕೆಯಾಯಿತು. ಹಟ್ಟಿಯ ಅಂಗಳಕ್ಕೇ ಹೋಗಿ, ಮಕ್ಕಳ ಮೈ ತೊಳೆದು, ತಲೆ ಬಾಚಿ, ಅಲ್ಲೇ ಸಿಗುವ ಬೀಜ, ಕಲ್ಲು, ಎಲೆಗಳನ್ನು ಆಟಿಕೆ ಮಾಡಿಕೊಂಡು ಕಲಿಸತೊಡಗಿದರು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. ಅಂಗಳದಲ್ಲಿ ನಡೆಯುವ ಈ ಬಾಲವಾಡಿಯೇ ಅಂಗನವಾಡಿಯ ಕಲ್ಪನೆಗೆ ಮೂಲವಾಯಿತು. ಕಲಿಸುವವರು ಮಗುವಿನ ಮನೆಯ ಬಾಗಿಲಿಗೆ ಹೋಗಬೇಕು, ಕಲಿಕೆ ಆರೋಗ್ಯ ಎರಡೂ ಒಟ್ಟಿಗೆ ಸಾಗಬೇಕು ಎಂಬ ತತ್ವವನ್ನು ಸರ್ಕಾರ ಮುಂದೆ ಪಡೆದದ್ದು ಇಲ್ಲಿಂದಲೇ.

ಹಳ್ಳಿಯ ಹೆಣ್ಣುಮಗಳನ್ನೇ ಆರಿಸಿ ತರಬೇತಿ ಕೊಟ್ಟು ಹಳ್ಳಿಯ ಸೇವೆಗೆ ಹಚ್ಚುವ ಪದ್ಧತಿಯೂ ಅದೇ ಕಾಲದಲ್ಲಿ ಬಂತು. 1944ರಲ್ಲಿ ಕಸ್ತೂರಬಾ ಗಾಂಧಿ ತೀರಿಕೊಂಡ ಮೇಲೆ ಅವರ ನೆನಪಿಗಾಗಿ ಕಟ್ಟಿದ ರಾಷ್ಟ್ರೀಯ ಸ್ಮಾರಕ ಟ್ರಸ್ಟ್ ಗ್ರಾಮಸೇವಿಕೆಯರನ್ನು ತಯಾರು ಮಾಡಿತು. ಕರ್ನಾಟಕದಲ್ಲಿ ಅರಸೀಕೆರೆ ಬಳಿಯ ಕಸ್ತೂರಬಾ ಗ್ರಾಮ ಇದಕ್ಕೆ ನೆಲೆಯಾಯಿತು. ಸ್ವಾತಂತ್ರ್ಯಾನಂತರ 1952ರಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಬಂತು. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ರಚನೆಯಾಗಿ ಹಳ್ಳಿಗಳಲ್ಲಿ ಬಾಲವಾಡಿಗಳಿಗೆ ಅನುದಾನ ಸಿಗತೊಡಗಿತು. 1960ರ ದಶಕದಲ್ಲಿ ಭಾರತೀಯ ಶಿಶು ಕಲ್ಯಾಣ ಪರಿಷತ್ತು ಬಾಲಸೇವಿಕೆಯರಿಗೆ ತರಬೇತಿ ಆರಂಭಿಸಿತು. ಗ್ರಾಮಸೇವಿಕೆ ಮತ್ತು ಬಾಲಸೇವಿಕೆ ಇಬ್ಬರೂ ಅಂಗನವಾಡಿ ಕಾರ್ಯಕರ್ತೆಗೆ ದಾರಿ ಮಾಡಿಕೊಟ್ಟವರು.

ಯೋಜನೆ ರೂಪುಗೊಂಡ ಬಗೆ

1971ರಲ್ಲಿ ದೇಶದಲ್ಲಿ ಹುಟ್ಟುವ ಪ್ರತಿ 1,000 ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು. ಭೇದಿ, ದಡಾರ, ನ್ಯುಮೋನಿಯಾ ಮರಣಕ್ಕೆ ನೇರ ಕಾರಣವಾದರೂ ಅವುಗಳ ಹಿಂದೆ ಇದ್ದುದು ಹಸಿವು. ಅರೆಹೊಟ್ಟೆಯ ಮಗುವಿಗೆ ಸಣ್ಣ ಕಾಯಿಲೆಯನ್ನೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ, ಕಾಯಿಲೆ ಬಿದ್ದ ಮಗು ಇನ್ನಷ್ಟು ಸೊರಗುತ್ತದೆ. ಸರ್ಕಾರ ಈ ಸರಪಳಿಯನ್ನು ತುಂಡುತುಂಡಾಗಿ ಕಡಿಯಲು ನೋಡಿತು. 1970ರ ಹೊತ್ತಿಗೆ ವಿಶೇಷ ಪೌಷ್ಟಿಕ ಆಹಾರ ಕಾರ್ಯಕ್ರಮ, ಬಾಲವಾಡಿ ಪೌಷ್ಟಿಕ ಆಹಾರ ಕಾರ್ಯಕ್ರಮ, ಮಕ್ಕಳ ಕುರುಡು ತಡೆಯಲು ಎ ಜೀವಸತ್ವ ಹಾಕುವ ಕಾರ್ಯಕ್ರಮ ಹೀಗೆ ಒಂದೊಂದೂ ಬೇರೆಬೇರೆಯಾಗಿ ನಡೆಯುತ್ತಿದ್ದವು. ಒಂದು ಇಲಾಖೆ ಊಟ ಹಾಕಿದರೆ ಇನ್ನೊಂದು ಚುಚ್ಚುಮದ್ದು ಕೊಡುತ್ತಿತ್ತು. ಒಂದೇ ಮಗುವಿಗೆ ಎರಡೂ ಸಿಕ್ಕಿದೆಯೇ ಎಂದು ನೋಡುವವರು ಇರಲಿಲ್ಲ.

ಈ ಕೊರತೆಯನ್ನು ಎತ್ತಿ ಹೇಳಿದ್ದು ಮೀನಾ ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ಅಧ್ಯಯನ ತಂಡ. 1972ರಲ್ಲಿ ಹೊರಬಂದ ಅದರ ವರದಿ, ಶಾಲೆಗೆ ಮುಂಚಿನ ವಯಸ್ಸಿನ ಮಗುವಿಗೆ ಆಹಾರ, ಆರೋಗ್ಯ, ಶಿಕ್ಷಣ ಮೂರೂ ಒಂದೇ ಕಡೆ ಸಿಗಬೇಕೆಂದು ವಾದಿಸಿತು. 1974ರ ಆಗಸ್ಟ್ 22ರಂದು ರಾಷ್ಟ್ರೀಯ ಮಕ್ಕಳ ನೀತಿ ಅಂಗೀಕಾರವಾಯಿತು. ಮರುವರ್ಷ ಗಾಂಧಿ ಜಯಂತಿಯಂದು ದೇಶದ 33 ಕಡೆ ಪ್ರಯೋಗವಾಗಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಅವುಗಳಲ್ಲಿ 18 ಗ್ರಾಮೀಣ, 11 ಬುಡಕಟ್ಟು, 4 ನಗರ ಪ್ರದೇಶದವು. ಒಟ್ಟು ಅಂಗನವಾಡಿಗಳು 4,891.

ಯೋಜನೆಯ ಕಟ್ಟಡ ನಿಂತದ್ದು ಆರು ಸೇವೆಗಳ ಮೇಲೆ: ಪೂರಕ ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವ ಸೇವೆ, ತಾಯಂದಿರಿಗೆ ಆಹಾರ ಆರೋಗ್ಯ ಶಿಕ್ಷಣ, ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ. ಸುಮಾರು 1,000 ಜನಸಂಖ್ಯೆಗೆ, ಬುಡಕಟ್ಟು ಪ್ರದೇಶದಲ್ಲಿ 700 ಜನಸಂಖ್ಯೆಗೆ ಒಂದು ಅಂಗನವಾಡಿ. ಪ್ರತಿಯೊಂದಕ್ಕೂ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಅವರ ಮೇಲೆ ಮೇಲ್ವಿಚಾರಕಿ, ಯೋಜನೆಗೆ ಒಬ್ಬ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಅಂದರೆ ಸಿಡಿಪಿಒ. ಮೇಲಿನವರೆಲ್ಲ ಸಂಬಳದ ನೌಕರರು. ಕೆಳಗಿನ ಇಬ್ಬರು ಮಾತ್ರ ಊರಿನ ಸೇವಾಕರ್ತೆಯರು ಎಂದಾಯಿತು. ಮೆಟ್ರಿಕ್ ಪಾಸಾದವರಿಗೆ ತಿಂಗಳಿಗೆ 150 ರೂಪಾಯಿ, ಆಗದವರಿಗೆ 100 ರೂಪಾಯಿ, ಸಹಾಯಕಿಗೆ 35 ರೂಪಾಯಿ ಗೌರವಧನ ಗೊತ್ತಾಯಿತು. ಕೆಲಸ ಅರ್ಧ ದಿನದ್ದು, ಸೇವೆ ಸ್ವಯಂಪ್ರೇರಣೆಯದು ಎಂಬುದು ಆಗಿನ ಲೆಕ್ಕಾಚಾರ. ಖರ್ಚು ಹಗುರವಾದ್ದರಿಂದಲೇ ಯೋಜನೆ ದೇಶದ ಉದ್ದಗಲಕ್ಕೆ ಹರಡಲು ಸಾಧ್ಯವಾಯಿತು. ಆ ಹಗುರದ ಭಾರವನ್ನು ಹೊತ್ತವರು ಈ ಹೆಂಗಸರು.

ಯಾರು ಈ ಕೆಲಸಕ್ಕೆ ಬಂದರು

ಕಾರ್ಯಕರ್ತೆ ಆಯಾ ಊರಿನವಳೇ ಆಗಿರಬೇಕೆಂಬುದು ಮೊದಲಿನಿಂದಲೂ ಇರುವ ನಿಯಮ. ಊರಿನ ಮಾತು, ಮನೆತನ, ಜಗಳ, ಕಷ್ಟ ಎಲ್ಲವೂ ಗೊತ್ತಿರುವವಳಿಗೆ ಮಾತ್ರ ಒಳಮನೆಯ ತನಕ ಪ್ರವೇಶ ಸಿಗುತ್ತದೆ ಎಂಬುದು ಅದರ ಹಿಂದಿನ ತಿಳಿವಳಿಕೆ. ಕರ್ನಾಟಕದ ಆಯ್ಕೆ ಪದ್ಧತಿಯಲ್ಲಿ ವಿಧವೆಯರು, ಗಂಡ ಬಿಟ್ಟವರು, ಮಾಜಿ ದೇವದಾಸಿಯರಂಥ ಆಸರೆಯಿಲ್ಲದ ಹೆಂಗಸರಿಗೆ ಆದ್ಯತೆ ಇದೆ. ಹೀಗಾಗಿ ಕಷ್ಟದಲ್ಲಿರುವ ಕುಟುಂಬಗಳಿಗೆ ನೆರವಾಗುವ ಈ ಕೆಲಸ, ಕಷ್ಟ ಕಂಡ ಹೆಂಗಸರಿಗೇ ಬದುಕಿನ ದಾರಿಯೂ ಆಯಿತು. ಎಪ್ಪತ್ತು ಎಂಬತ್ತರ ದಶಕದಲ್ಲಿ ಏಳನೆಯ ತರಗತಿ ಓದಿದ ಹೆಣ್ಣುಮಗಳು ಸಿಗುವುದೂ ಅನೇಕ ಹಳ್ಳಿಗಳಲ್ಲಿ ದುರ್ಲಭವಾಗಿತ್ತು. ಕಾಲಕ್ರಮದಲ್ಲಿ ಎಸ್ಸೆಸ್ಸೆಲ್ಸಿ ಕಡ್ಡಾಯವಾಯಿತು. ಈಗ ರಾಜ್ಯದಲ್ಲಿ ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಬೇಕು. ಪದವಿ ಪಡೆದವರೂ ಅರ್ಜಿ ಹಾಕುತ್ತಾರೆ.

ಆರಂಭದಲ್ಲಿ ಕಟ್ಟಡವೆಂಬುದು ಇರಲಿಲ್ಲ. ದೇವಸ್ಥಾನದ ಜಗಲಿ, ಚಾವಡಿ, ಬಾಡಿಗೆ ಕೋಣೆ, ಕೆಲವೆಡೆ ಕಾರ್ಯಕರ್ತೆಯ ಮನೆಯ ಪಡಸಾಲೆಯೇ ಅಂಗನವಾಡಿಯಾಯಿತು. ಜಾತಿಯ ಗೋಡೆಯೂ ಅಡ್ಡ ಬಂತು. ದಲಿತ ಸಹಾಯಕಿ ಬೇಯಿಸಿದ್ದನ್ನು ಮಕ್ಕಳಿಗೆ ಉಣಿಸಲು ಒಪ್ಪದ ಮನೆಗಳಿದ್ದವು. ದಲಿತ ಕೇರಿಯಲ್ಲಿ ಕೇಂದ್ರವಿದ್ದರೆ ಮಕ್ಕಳನ್ನು ಕಳಿಸದ ಊರುಗಳಿದ್ದವು. ಇಂಥ ವಿರೋಧ ಈಗಲೂ ಅಲ್ಲಲ್ಲಿ ತಲೆಯೆತ್ತುತ್ತದೆ. ಹಾಗಿದ್ದರೂ ಎಲ್ಲ ಕೇರಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಮೊದಲ ಜಾಗ ಅನೇಕ ಹಳ್ಳಿಗಳಲ್ಲಿ ಅಂಗನವಾಡಿಯೇ ಆಗಿದೆ. ಮಕ್ಕಳ ಬಾಯಲ್ಲಿ ಕಾರ್ಯಕರ್ತೆ ಟೀಚರ್ ಅಥವಾ ಮಿಸ್ ಆದರು, ಸಹಾಯಕಿ ಆಯಾ ಆದರು.

ಕೆಲಸದ ಒಳಹೊಕ್ಕು

ಕೆಲಸದ ತಿರುಳು ಮಗುವಿನ ಬೆಳವಣಿಗೆಯನ್ನು ಅಳೆಯುವುದು. ಮರದ ಕೊಂಬೆಗೋ ತೊಲೆಗೋ ಸಾಲ್ಟರ್ ತಕ್ಕಡಿ ತೂಗುಹಾಕಿ, ಅದರ ಕೊಕ್ಕೆಗೆ ಚೀಲ ಸಿಕ್ಕಿಸಿ, ಮಗುವನ್ನು ಅದರಲ್ಲಿ ಕೂರಿಸಿ ತೂಕ ನೋಡುವುದು ದಶಕಗಳ ಕಾಲ ನಡೆದು ಬಂದ ರೂಢಿ. ಮಗು ಅಳುತ್ತದೆ, ಅಜ್ಜಿ ದೃಷ್ಟಿಯಾಗುತ್ತದೆಂದು ಗೊಣಗುತ್ತಾಳೆ. ಎಲ್ಲರನ್ನೂ ಸಮಾಧಾನಪಡಿಸಿ ಬಂದ ತೂಕವನ್ನು ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕೆಯಾಗಿ ಗುರುತಿಸಬೇಕು. ತಿಂಗಳ ಚುಕ್ಕೆಗಳನ್ನು ಕೂಡಿಸಿದ ಗೆರೆ ಮೇಲೇರಿದರೆ ಮಗು ಬೆಳೆಯುತ್ತಿದೆ, ಗೆರೆ ಮಟ್ಟಸವಾದರೆ ಅಥವಾ ಇಳಿದರೆ ಅಪಾಯ. ಕಣ್ಣಿಗೆ ಚೆನ್ನಾಗಿಯೇ ಕಾಣುವ ಮಗುವಿನ ಗೆರೆಯೂ ಇಳಿದಿರಬಹುದು. ಅದನ್ನು ತಾಯಿಗೆ ಹೆದರಿಸದೆ ತಿಳಿಸುವುದು ಕಲಿತು ಬರುವ ವಿದ್ಯೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಹೊಸ ಮಾನದಂಡಗಳನ್ನು ಭಾರತ 2008ರಲ್ಲಿ ಅಂಗೀಕರಿಸಿತು. ಅಂದಿನಿಂದ ಗಂಡು ಹೆಣ್ಣು ಮಕ್ಕಳಿಗೆ ಬೇರೆಬೇರೆ ನಕ್ಷೆಗಳು ಬಂದವು. ಎತ್ತರ, ತೋಳಿನ ಸುತ್ತಳತೆ ನೋಡುವುದೂ ಸೇರಿತು. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ ಎಂದರ್ಥ. ಅಂಥ ಮಗುವನ್ನು ವೈದ್ಯರಿಗೆ ತೋರಿಸಿ, ಬೇಕಾದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಎರಡು ವಾರ ಆಸ್ಪತ್ರೆಯಲ್ಲಿ ನಿಂತರೆ ಕೂಲಿ ಹೋಗುತ್ತದೆ, ಮನೆಯಲ್ಲಿ ಉಳಿದ ಮಕ್ಕಳನ್ನು ನೋಡುವವರಿಲ್ಲ ಎನ್ನುವ ತಾಯಿಯನ್ನು ಒಪ್ಪಿಸುವುದು ಈ ವೃತ್ತಿಯ ಕಠಿಣ ಕೆಲಸಗಳಲ್ಲಿ ಒಂದು.

ಆಹಾರದ ಕೆಲಸ ದಿನನಿತ್ಯದ್ದು. ಮೂರರಿಂದ ಆರು ವರ್ಷದ ಮಕ್ಕಳಿಗೆ ಕೇಂದ್ರದಲ್ಲೇ ಬಿಸಿಯೂಟ, ಆರು ತಿಂಗಳಿಂದ ಮೂರು ವರ್ಷದವರಿಗೆ ಮನೆಗೆ ಒಯ್ಯುವ ಆಹಾರ. ಆರಂಭದ ಅಳತೆಯಲ್ಲಿ ಮಗುವಿಗೆ ದಿನಕ್ಕೆ 300 ಕ್ಯಾಲೊರಿ ಶಕ್ತಿಯ ಪೂರಕ ಆಹಾರ, ವರ್ಷಕ್ಕೆ 300 ದಿನ. 2009ರಲ್ಲಿ ಅದನ್ನು 500 ಕ್ಯಾಲೊರಿ ಮತ್ತು 12ರಿಂದ 15 ಗ್ರಾಂ ಪ್ರೋಟೀನಿಗೆ, ಗರ್ಭಿಣಿ ಬಾಣಂತಿಯರಿಗೆ 600 ಕ್ಯಾಲೊರಿಗೆ, ತೀವ್ರ ಅಪೌಷ್ಟಿಕ ಮಕ್ಕಳಿಗೆ 800 ಕ್ಯಾಲೊರಿಗೆ ಏರಿಸಲಾಯಿತು. ಆಹಾರ ಪೂರೈಕೆಗೆ ಗುತ್ತಿಗೆದಾರರನ್ನು ಬಳಸಬಾರದು, ಊರಿನ ಸಮುದಾಯ, ಸ್ವಸಹಾಯ ಗುಂಪು, ಮಹಿಳಾ ಮಂಡಳಗಳಿಗೆ ಆದ್ಯತೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಆದೇಶಿಸಿತು. ಆ ಬಳಿಕ ಕರ್ನಾಟಕದ ತಾಲ್ಲೂಕುಗಳಲ್ಲಿ ಮಹಿಳೆಯರೇ ನಡೆಸುವ ಪೂರಕ ಪೌಷ್ಟಿಕ ಆಹಾರ ತಯಾರಿಕಾ ಕೇಂದ್ರಗಳು ಬೆಳೆದವು.

ಮನೆಭೇಟಿ ಅಂಕಿಅಂಶದಲ್ಲಿ ಹೆಚ್ಚು ಕಾಣಿಸದ, ಆದರೆ ಎಲ್ಲಕ್ಕಿಂತ ಆಳವಾಗಿ ನಾಟುವ ಕೆಲಸ. ಹೆರಿಗೆಯಾದ ಕೂಡಲೇ ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲುವ ರೂಢಿ, ಬಾಣಂತಿಗೆ ನೀರು ಸೊಪ್ಪು ತರಕಾರಿ ಬಿಡಿಸುವ ಪಥ್ಯ, ಹೆಚ್ಚು ಉಂಡರೆ ಹೊಟ್ಟೆಯಲ್ಲಿನ ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂಬ ಭಯ ಇವು ಆದೇಶಕ್ಕೆ ಬಗ್ಗುವಂಥವಲ್ಲ. ಅತ್ತೆಯನ್ನು ಎದುರು ಹಾಕಿಕೊಳ್ಳದೆ ಸೊಸೆಗೆ ಒಳ್ಳೆಯದಾಗುವಂತೆ ಮಾಡಲು ಊರಿನ ಹೆಣ್ಣಿಗೇ ಸಾಧ್ಯ. ಗಂಡನ ಕುಡಿತ, ಹೊಡೆತ, ಚಿಕ್ಕ ವಯಸ್ಸಿನ ಮದುವೆಯ ಸಿದ್ಧತೆ, ಗುಳೆ ಹೋಗಲು ಗಂಟು ಕಟ್ಟುತ್ತಿರುವ ಕುಟುಂಬ ಇವೆಲ್ಲ ಮೊದಲು ಕಣ್ಣಿಗೆ ಬೀಳುವುದು ಆಕೆಗೇ. ಊರಿನ ನರ್ಸಮ್ಮ, ಮುಂದೆ 2005ರ ಬಳಿಕ ಬಂದ ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಈ ಮೂವರ ಹೊಂದಾಣಿಕೆಯ ಮೇಲೆ ಊರಿನ ತಾಯಿ ಮಕ್ಕಳ ಆರೋಗ್ಯ ನಿಂತಿದೆ. ತಾಯಿ ಮಗುವಿನ ಆರೋಗ್ಯದ ವಿವರ ಬರೆದಿಡುವ ತಾಯಿ ಕಾರ್ಡಿನಲ್ಲಿ ಈ ಮೂವರ ಕೆಲಸದ ಗುರುತೂ ಉಳಿಯುತ್ತದೆ.

ಶಾಲಾಪೂರ್ವ ಶಿಕ್ಷಣ ಬಹುಕಾಲ ಹಿಂದೆ ಬಿದ್ದಿತ್ತು. ಅಡುಗೆ, ತೂಕ, ದಾಖಲೆಗಳ ನಡುವೆ ಹಾಡು ಕಥೆಗೆ ಉಳಿಯುತ್ತಿದ್ದ ಸಮಯ ಕಡಿಮೆ. ಕರ್ನಾಟಕದಲ್ಲಿ ಚಿಲಿಪಿಲಿ ಎಂಬ ಪಠ್ಯಕ್ರಮ ಬಂದ ಮೇಲೆ ಈ ಭಾಗಕ್ಕೆ ಒಂದು ಕ್ರಮ ದೊರೆಯಿತು. ಮಕ್ಕಳ ಅನುಭವಕ್ಕೆ ಹತ್ತಿರದ ವಿಷಯಗಳನ್ನು ಆಟ, ಅಭಿನಯ, ಚಿತ್ರಗಳ ಮೂಲಕ ಕಲಿಸುವ ಬಗೆಯನ್ನು ಕಾರ್ಯಕರ್ತೆಯರು ಅಲ್ಲಿಂದ ರೂಢಿಸಿಕೊಂಡರು.

ಹೆಚ್ಚುತ್ತ ಹೋದ ಹೊಣೆಗಳು

ಊರಿನಲ್ಲಿ ಪ್ರತಿ ಮನೆಯನ್ನೂ ಬಲ್ಲ ಒಬ್ಬ ಹೆಂಗಸು ಇದ್ದಾಳೆಂಬುದು ಗೊತ್ತಾದ ಮೇಲೆ ಹೊಸ ಯೋಜನೆಗಳೆಲ್ಲ ಆಕೆಯ ಹೆಗಲನ್ನೇ ಹುಡುಕಿಕೊಂಡು ಬಂದವು. ಕರ್ನಾಟಕದಲ್ಲಿ 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗ ಹೆಂಗಸರ ಸ್ವಸಹಾಯ ಗುಂಪುಗಳನ್ನು ಕಟ್ಟಿದವರು ಅಂಗನವಾಡಿ ಕಾರ್ಯಕರ್ತೆಯರು. ಉಳಿತಾಯ, ಬ್ಯಾಂಕ್ ಖಾತೆ, ಸಾಲ, ಲೆಕ್ಕದ ಪುಸ್ತಕ ಇವೆಲ್ಲ ಹಳ್ಳಿಯ ಹೆಂಗಸರಿಗೆ ಹೊಸದಾಗಿದ್ದ ಕಾಲದಲ್ಲಿ ಕೈಹಿಡಿದು ನಡೆಸಿದವರೂ ಅವರೇ. 2006ರಲ್ಲಿ ಭಾಗ್ಯಲಕ್ಷ್ಮಿ ಯೋಜನೆ ಬಂದಾಗ ಹೆಣ್ಣುಮಗು ಹುಟ್ಟಿದ ಮನೆಗಳ ಅರ್ಜಿ ಆಕೆಯ ಮೂಲಕವೇ ಹೋಯಿತು. ಮತದಾರರ ಪಟ್ಟಿಯ ಪರಿಷ್ಕರಣೆ, ಮತಗಟ್ಟೆ ಮಟ್ಟದ ಅಧಿಕಾರಿಯ ಕೆಲಸ, ಹಲವು ಬಗೆಯ ಸಮೀಕ್ಷೆಗಳೂ ಸೇರಿಕೊಂಡವು.

ಅಪೌಷ್ಟಿಕತೆಯ ವಿಷಯ ರಾಜ್ಯದಲ್ಲಿ ಮತ್ತೆ ಕಾವೇರಿದ್ದು 2011ರಲ್ಲಿ, ರಾಯಚೂರು ಜಿಲ್ಲೆಯ ಮಕ್ಕಳ ಸ್ಥಿತಿ ಬೆಳಕಿಗೆ ಬಂದಾಗ. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ ಅವರ ನೇತೃತ್ವದ ಸಮಿತಿ 2012ರಲ್ಲಿ ವರದಿ ಕೊಟ್ಟಿತು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಅಂಗನವಾಡಿ ಮತ್ತು ಶಾಲೆಯ ಮಕ್ಕಳಿಗೆ ಹಾಲು ತಂದಿತು. ಊಟದ ಜೊತೆಗೆ ಮೊಟ್ಟೆಯೂ ಬಂತು. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆ ರಾಜ್ಯದೆಲ್ಲೆಡೆ ಜಾರಿಯಾಯಿತು. ಅದಕ್ಕೆ ಮುಂಚೆ ಹೆಗ್ಗಡದೇವನಕೋಟೆ, ಮಧುಗಿರಿ, ಜಮಖಂಡಿ, ಮಾನ್ವಿ ತಾಲ್ಲೂಕುಗಳಲ್ಲಿ ಪ್ರಯೋಗ ನಡೆದಿತ್ತು. ಗರ್ಭಿಣಿ ಬಾಣಂತಿಯರು ತಿಂಗಳಿಗೆ 25 ದಿನ ಅಂಗನವಾಡಿಗೆ ಬಂದು ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ತಿಂದು ಹೋಗಬೇಕೆಂಬುದು ಅದರ ಏರ್ಪಾಟು. ಮನೆಗೆ ಕೊಟ್ಟ ರೇಷನ್ ಎಲ್ಲರ ಪಾಲಾಗಿ ಬಸುರಿಯ ತಟ್ಟೆಗೆ ಕಡಿಮೆ ಬೀಳುತ್ತದೆ ಎಂಬ ಅನುಭವವೇ ಇದಕ್ಕೆ ಕಾರಣ. ಬಯಲುಸೀಮೆಯ ಒತ್ತಾದ ಊರುಗಳಿಗೆ ಇದು ಹೊಂದಿಕೊಂಡಿತು. ಮಲೆನಾಡು ಕರಾವಳಿಯಲ್ಲಿ ಮನೆಗಳು ದೂರದೂರ ಇರುವುದರಿಂದ ತುಂಬುಗರ್ಭಿಣಿ, ಹಸಿಬಾಣಂತಿ ದಿನವೂ ನಡೆದು ಬರುವುದು ಕಷ್ಟವಾಯಿತು.

2018ರ ಮಾರ್ಚ್ 8ರಂದು ಪೋಷಣ್ ಅಭಿಯಾನ ಆರಂಭವಾದ ಮೇಲೆ ಸ್ಮಾರ್ಟ್‌ಫೋನ್ ಈ ವೃತ್ತಿಯ ಸಲಕರಣೆಯಾಯಿತು. ಅಂಗನವಾಡಿಯಲ್ಲೇ ಸೀಮಂತ, ಅನ್ನಪ್ರಾಶನ ನಡೆಸಿ ತಾಯಂದಿರನ್ನು ಸೇರಿಸುವ ಪದ್ಧತಿಯೂ ಬೆಳೆಯಿತು. 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್‌ನಲ್ಲಿ ಹಾಜರಿ, ತೂಕ, ಎತ್ತರ, ಆಹಾರ ವಿತರಣೆ ಎಲ್ಲವನ್ನೂ ತುಂಬಬೇಕಾಯಿತು. 2025ರ ಜುಲೈನಿಂದ ಮನೆಗೆ ಒಯ್ಯುವ ಆಹಾರ ಪಡೆಯುವವರ ಮುಖ ಗುರುತಿಸುವುದೂ ಕಡ್ಡಾಯವಾಯಿತು. ಕಾಗದದ ಭಾರ ಇಳಿಸಬೇಕಿದ್ದ ಫೋನು, ನೆಟ್‌ವರ್ಕ್ ಸಿಗದ ಊರುಗಳಲ್ಲಿ ಹೊಸ ಭಾರವಾಯಿತು.

ಕೋವಿಡ್ ಕಾಲದಲ್ಲಿ ಈ ವೃತ್ತಿಯ ಬೆಲೆ ಎಲ್ಲರಿಗೂ ಕಂಡಿತು. 2020ರ ಮಾರ್ಚ್‌ನಲ್ಲಿ ಅಂಗನವಾಡಿಗಳ ಬಾಗಿಲು ಮುಚ್ಚಿತು, ಕೆಲಸ ಮಾತ್ರ ನಿಲ್ಲಲಿಲ್ಲ. ಆಹಾರ ಸಾಮಗ್ರಿಗಳನ್ನು ಮನೆಗಳಿಗೆ ಮುಟ್ಟಿಸುವುದು, ಊರಿಗೆ ಮರಳಿದವರ ಮಾಹಿತಿ ಕಲೆಹಾಕುವುದು, ಜ್ವರ ಬಂದವರನ್ನು ಗುರುತಿಸುವುದು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಪಾಲಿಗೆ ಬಂತು.

ಸ್ಥಾನಮಾನದ ಹೋರಾಟ

ಕಾರ್ಯಕರ್ತೆಯರು ಸಂಘ ಕಟ್ಟತೊಡಗಿದ್ದು ಎಂಬತ್ತರ ದಶಕದಲ್ಲಿ. 1989ರಲ್ಲಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರ ಅಖಿಲ ಭಾರತ ಒಕ್ಕೂಟ ಸ್ಥಾಪನೆಯಾಯಿತು. ನಮ್ಮನ್ನು ನೌಕರರೆಂದು ಪರಿಗಣಿಸಿ, ಕನಿಷ್ಠ ವೇತನ ಮತ್ತು ನಿವೃತ್ತಿ ಸೌಲಭ್ಯ ಕೊಡಿ ಎಂಬುದು ಅಂದಿನಿಂದ ಇಂದಿನವರೆಗೂ ಅವರ ಬೇಡಿಕೆ.

ನ್ಯಾಯಾಲಯಗಳು ಈ ವಿಷಯದಲ್ಲಿ ಎರಡು ದಾರಿ ಹಿಡಿದವು. ಆಹಾರದ ಹಕ್ಕಿಗಾಗಿ ನಾಗರಿಕ ಹಕ್ಕುಗಳ ಸಂಸ್ಥೆಯಾದ ಪಿಯುಸಿಎಲ್ 2001ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಸೇವೆ ಪ್ರತಿ ಮಗುವಿಗೂ ಸಿಗಬೇಕೆಂದು ಆದೇಶಿಸಿತು. 2006ರ ಡಿಸೆಂಬರ್ 13ರ ಆದೇಶ 2008ರ ಕೊನೆಯೊಳಗೆ 14 ಲಕ್ಷ ಅಂಗನವಾಡಿಗಳನ್ನು ತೆರೆಯಲು ಹೇಳಿತು. 40 ಮಕ್ಕಳಿರುವ ಕೇರಿ ಹಟ್ಟಿಗಳ ಜನ ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕೆಂದೂ ವಿಧಿಸಿತು. ಸೇವೆ ಹೀಗೆ ಹಕ್ಕಾಯಿತು. ಆದರೆ ಅದೇ ತಿಂಗಳು ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ, ಆದ್ದರಿಂದ ಅವರು ಆಡಳಿತ ನ್ಯಾಯಮಂಡಳಿಗೆ ಹೋಗುವಂತಿಲ್ಲ ಎಂದು ತೀರ್ಪಿತ್ತಿತು. ಸೇವೆ ಪಡೆಯುವವರ ಹಕ್ಕು ಬಲವಾದ ತಿಂಗಳಲ್ಲೇ ಸೇವೆ ಕೊಡುವವರ ಹಕ್ಕಿಗೆ ಬಾಗಿಲು ಮುಚ್ಚಿತು.

ಮುಂದಿನ ವರ್ಷಗಳಲ್ಲಿ ನಿಲುವು ನಿಧಾನವಾಗಿ ಬದಲಾಯಿತು. 2013ರಲ್ಲಿ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಇಂಥ ಯೋಜನಾ ಕಾರ್ಯಕರ್ತರನ್ನು ಕಾರ್ಮಿಕರೆಂದು ಪರಿಗಣಿಸಿ ಕನಿಷ್ಠ ವೇತನ, ಸಾಮಾಜಿಕ ಭದ್ರತೆ ಕೊಡಬೇಕೆಂದು ಶಿಫಾರಸು ಮಾಡಿತು. ಅದೇ ವರ್ಷದ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅಂಗನವಾಡಿಯ ಆಹಾರಕ್ಕೆ ಕಾನೂನಿನ ಬುನಾದಿ ಹಾಕಿತು. 2022ರ ಏಪ್ರಿಲ್ 25ರಂದು ಗುಜರಾತಿನ ಕಾರ್ಯಕರ್ತೆಯರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಈ ಕಾಯ್ದೆಯ ಅಡಿ ಕಾರ್ಯಕರ್ತೆಯರು ಕಾನೂನುಬದ್ಧ ಕರ್ತವ್ಯ ನಿರ್ವಹಿಸುತ್ತಿದ್ದಾರೆ, 1972ರ ಗ್ರಾಚ್ಯುಟಿ ಪಾವತಿ ಕಾಯ್ದೆ ಅವರಿಗೂ ಅನ್ವಯಿಸುತ್ತದೆ ಎಂದಿತು. ಈ ತೀರ್ಪನ್ನು ಜಾರಿಗೆ ತನ್ನಿ ಎಂದು 2023ರ ಜನವರಿಯಲ್ಲಿ ಕರ್ನಾಟಕದ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತರು.

ಗೌರವಧನ ಏರಿದ್ದು ಬಹುಪಾಲು ಬೀದಿಗಿಳಿದ ಮೇಲೆಯೇ. ಕೇಂದ್ರದ ಲೆಕ್ಕದಲ್ಲಿ ಅದು 2008ರಲ್ಲಿ 1,500, 2011ರಲ್ಲಿ 3,000, 2018ರಲ್ಲಿ 4,500 ರೂಪಾಯಿ ಆಯಿತು. ಉಳಿದದ್ದನ್ನು ರಾಜ್ಯ ಸೇರಿಸುತ್ತದೆ. 2017ರ ಮಾರ್ಚ್‌ನಲ್ಲಿ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ರಸ್ತೆಯಲ್ಲಿ ಹಗಲು ರಾತ್ರಿ ಕುಳಿತರು, ಬಿಸಿಲಲ್ಲೇ ಉಂಡು ರಸ್ತೆಯಲ್ಲೇ ಮಲಗಿದರು. ಆ ವರ್ಷ ರಾಜ್ಯದಲ್ಲಿ ಕಾರ್ಯಕರ್ತೆಯ ತಿಂಗಳ ಗೌರವಧನ 8,000 ರೂಪಾಯಿಗೆ ಏರಿತು. 2025ರ ರಾಜ್ಯ ಬಜೆಟ್ಟಿನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ರೂಪಾಯಿ ಹೆಚ್ಚಳ ಪ್ರಕಟವಾಯಿತು.

ಇಂದಿನ ತಿರುವು

ಈಗಿನ ಪ್ರಶ್ನೆ ಮಕ್ಕಳನ್ನು ಉಳಿಸಿಕೊಳ್ಳುವುದು. ಹಳ್ಳಿಗೂ ಕಾನ್ವೆಂಟಿನ ಬಸ್ಸು ಬರುವ ಕಾಲದಲ್ಲಿ ಮೂರು ದಾಟಿದ ಮಕ್ಕಳು ಅಂಗನವಾಡಿ ಬಿಡುತ್ತಿದ್ದಾರೆ. 2024ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭಿಸುವ ನಿರ್ಧಾರವನ್ನು ಕಾರ್ಯಕರ್ತೆಯರು ವಿರೋಧಿಸಿದರು. ಆ ವಯಸ್ಸಿನ ಮಕ್ಕಳೇ ಹೋದರೆ ಅಂಗನವಾಡಿ ಬರಿದಾಗುತ್ತದೆ ಎಂಬುದು ಅವರ ಆತಂಕ. ಆ ವರ್ಷದ ಜುಲೈನಲ್ಲಿ ಅಂಗನವಾಡಿಗಳಲ್ಲೇ ಸರ್ಕಾರಿ ಮಾಂಟೆಸ್ಸರಿ ಎಂಬ ಹೆಸರಿನಲ್ಲಿ ಎಲ್‌ಕೆಜಿ, ಯುಕೆಜಿ ಆರಂಭವಾದವು. ಇನ್ನೊಂದೆಡೆ ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳು ತೆರೆದಿವೆ. ಮಕ್ಕಳ ಪಾಲನೆಯೂ ಸಂಬಳ ಕೊಡಬೇಕಾದ ದುಡಿಮೆ ಎಂಬ ಅರಿವು ಹೀಗೆ ಹಬ್ಬುತ್ತಿದೆ.

ಫಲವನ್ನು ಅಳೆದು ನೋಡಿದರೆ ಸಾಧನೆಯೂ ಕೊರತೆಯೂ ಜೊತೆಜೊತೆಗೆ ಕಾಣುತ್ತವೆ. 2020ರ ಹೊತ್ತಿಗೆ ದೇಶದ ಶಿಶು ಮರಣ ಪ್ರಮಾಣ 1,000ಕ್ಕೆ 28ಕ್ಕೂ, ಕರ್ನಾಟಕದಲ್ಲಿ 19ಕ್ಕೂ ಇಳಿಯಿತು. ಆಸ್ಪತ್ರೆ, ಲಸಿಕೆ, ರಸ್ತೆ, ಹೆಣ್ಣುಮಕ್ಕಳ ಓದು ಎಲ್ಲವೂ ಇದಕ್ಕೆ ಕಾರಣ. ಅವುಗಳನ್ನು ಮನೆಗೆ ಜೋಡಿಸಿದ ಕೊಂಡಿ ಅಂಗನವಾಡಿ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ 36.2ರಷ್ಟಿದ್ದರೆ ಐದನೆಯ ಸುತ್ತಿನಲ್ಲಿ ಶೇ 35.4ರಷ್ಟಿದ್ದರು. ಸಾವನ್ನು ತಡೆದಷ್ಟು ವೇಗವಾಗಿ ಹಸಿವನ್ನು ತಡೆಯಲಾಗಿಲ್ಲ. ಮೂರು ಮಕ್ಕಳಲ್ಲಿ ಒಂದು ಇಂದಿಗೂ ಕುಂಠಿತವಾಗಿ ಬೆಳೆಯುತ್ತಿರುವಾಗ ತೂಕ ನೋಡುವ, ಮನೆಗೆ ಹೋಗಿ ಮಾತಾಡುವ ಸಮಯವನ್ನು ಕಾರ್ಯಕರ್ತೆಯಿಂದ ಕಸಿದು ಬೇರೆ ಇಲಾಖೆಗಳ ಸಮೀಕ್ಷೆಗೆ ಕಳಿಸುವುದು ಮಕ್ಕಳಿಗೆ ಮಾಡುವ ನಷ್ಟ.

ಸಂಕಷ್ಟದ ಕುಟುಂಬಗಳ ಎಳೆಯ ಮಕ್ಕಳನ್ನು ಕಾಯುವ ಕೆಲಸಕ್ಕೆ ಜ್ಞಾನ ಬೇಕು, ತರಬೇತಿ ಬೇಕು, ಪೂರ್ಣ ಸಮಯ ಬೇಕು ಎಂದು ಈ ಐವತ್ತು ವರ್ಷಗಳು ತೋರಿಸಿಕೊಟ್ಟಿವೆ. ನೆರೆಮನೆಯ ಸದಾಶಯದಿಂದ ಆರಂಭವಾದದ್ದು ಈಗ ಪೂರ್ಣ ವೃತ್ತಿಯಾಗಿ ಬೆಳೆದು ನಿಂತಿದೆ. ವೃತ್ತಿಗೆ ತಕ್ಕ ವೇತನ, ನಿವೃತ್ತಿಯ ಭದ್ರತೆ ಮತ್ತು ನೌಕರರೆಂಬ ಮಾನ್ಯತೆಯನ್ನು ಈ ಹೆಂಗಸರಿಗೆ ಕೊಡುವುದು ಸರ್ಕಾರ ಇನ್ನೂ ತೀರಿಸಬೇಕಾದ ಸಾಲ.